ಪುನಶ್ಚೇತನ ಚಿಕಿತ್ಸೆಯ ಪ್ರಬಂಧಗಳಲ್ಲಿ ಕರ್ತೃವೂ ಇತಿಕರ್ತವ್ಯತೆಯೂ

ಆಂಗ್ಲರು ‘ರಿಹ್ಯಾಬಿಲಿಟೇಷನ್’ ಎಂದು ಕರೆಯುವ ಚಿಕಿತ್ಸಾಶಾಖೆಯನ್ನು ಕನ್ನಡದಲ್ಲಿ ‘ಪುನರ್ವಸತಿ’ ಎಂದು ಬರೆಯುವುದು ರೂಢಿಯಾಗಿದೆ. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಊರಿನವರಿಗೆ ಬೇರೆಡೆ ನೆಲೆ ಕಲ್ಪಿಸುವ ಕಾರ್ಯಕ್ಕೂ ಇದೇ ಶಬ್ದವು ಸಲ್ಲುತ್ತದೆ. ಮೂಲಪದದಲ್ಲಿ ವಸತಿಯ ಅರ್ಥವಿಲ್ಲ. ಲ್ಯಾಟಿನ್ ಭಾಷೆಯ ‘ಹ್ಯಾಬಿಲಿಸ್’ ಎಂದರೆ ಯೋಗ್ಯ, ಸಮರ್ಥ. ಸಾಮರ್ಥ್ಯವನ್ನು ಮರಳಿ ಉಂಟುಮಾಡುವುದೆಂಬುದೇ ಅದರ ತಾತ್ಪರ್ಯ. ಆದಕಾರಣ ಈ ಲೇಖನದಲ್ಲಿ, ಬಳಕೆಯಲ್ಲಿಯೇ ಇರುವ ‘ಪುನಶ್ಚೇತನ’ವೆಂಬ ಇನ್ನೊಂದು ಪದವನ್ನು ಹಿಡಿದಿದ್ದೇನೆ. ಇಲ್ಲಿ ವಿಮರ್ಶೆಗೆ ವಿಷಯವಾಗಿರುವುದು ಆ ಚಿಕಿತ್ಸೆಯಲ್ಲ. ಅದನ್ನು ಕುರಿತು ಪ್ರಕಟವಾಗುವ ಸಂಶೋಧನ ಪ್ರಬಂಧಗಳು. ವೈದ್ಯನಲ್ಲದವನಿಗೆ ಇದರಲ್ಲಿ ಅಧಿಕಾರವೇನೆಂದು ಕೇಳಬಹುದು. ಚಿಕಿತ್ಸೆಯ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಆದರೆ ವಾಕ್ಯವೊಂದು ತಾನು ಹೇಳಹೊರಟ ಅರ್ಥವನ್ನು ಪೂರ್ಣವಾಗಿ ಹೇಳಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುವುದು ಮೀಮಾಂಸಾಶಾಸ್ತ್ರವನ್ನು ಓದಿದವನಿಗೆ ಸಹಜವಾದ ಕೆಲಸವಾಗಿದೆ.

ಈ ಶಾಖೆಯು ಏಕವಿದ್ಯೆಯಲ್ಲವೆಂಬುದು ಅದರ ಪತ್ರಿಕೆಗಳ ಹೆಸರುಗಳಿಂದಲೇ ವ್ಯಕ್ತವಾಗುತ್ತದೆ. ಅಮೆರಿಕಾ ದೇಶದ ಪ್ರಧಾನ ಪತ್ರಿಕೆಯು ೧೯೨೦ರಲ್ಲಿ ಹುಟ್ಟಿದಾಗ ಅದರ ಹೆಸರು ‘ಜರ್ನಲ್ ಆಫ್ ರೇಡಿಯಾಲಜಿ’ ಎಂದಿದ್ದಿತು. ಕ್ಷಕಿರಣ, ರೇಡಿಯಂ, ಭೌತಚಿಕಿತ್ಸೆ ಎಂಬ ಪದಗಳು ಕ್ರಮವಾಗಿ ಹೆಸರಿನೊಳಗೆ ಬಂದು ಹೋಗಿ, ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಯೋಧರ ಪಾಲನೆಯಿಂದ ಈ ವಿದ್ಯೆಯು ಬೆಳೆದ ಮೇಲೆ, ೧೯೫೩ರಲ್ಲಿ ‘ರಿಹ್ಯಾಬಿಲಿಟೇಷನ್’ ಪದವು ಅದರಲ್ಲಿ ಸೇರಿತು. ಮೊದಲು ಉಪಕರಣದಿಂದ ಹೆಸರು ಪಡೆದಿದ್ದ ಪತ್ರಿಕೆಯು ಕಡೆಗೆ ಪ್ರಯೋಜನದಿಂದ ಹೆಸರು ಪಡೆಯಿತು. ಉಪಕರಣಕ್ಕೆ ಒಬ್ಬ ತಜ್ಞನು ಸಾಕು, ಪ್ರಯೋಜನಕ್ಕೆ ಸಾಲನು. ಪಾರ್ಶ್ವವಾಯು ಬಡಿದವನು ಪುನಃ ಉಣ್ಣಬೇಕು, ಮಾತನಾಡಬೇಕು, ಬಟ್ಟೆ ಉಡಬೇಕು, ಕೆಲಸಕ್ಕೆ ಹೋಗಬೇಕು. ಇವುಗಳಿಗೆ ವೈದ್ಯ, ದಾದಿ, ಫಿಸಿಯೋಥೆರಪಿಯವರು, ಮಾತಿನ ಚಿಕಿತ್ಸಕರು, ಮನಶ್ಶಾಸ್ತ್ರಜ್ಞ, ಕೃತಕಾಂಗ ಮಾಡುವ ಕುಶಲಿ ಇವರೆಲ್ಲರೂ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಲ್ಲಿ ಅಂಗೀಕರಿಸಿದ ವರ್ಗೀಕರಣವು ದೇಹದ ವ್ಯಾಪಾರವನ್ನು ಮಾತ್ರವಲ್ಲದೆ ಚಟುವಟಿಕೆಯನ್ನೂ, ಸಮಾಜದಲ್ಲಿ ಭಾಗವಹಿಸುವಿಕೆಯನ್ನೂ, ಸುತ್ತಣ ಪರಿಸರವನ್ನೂ ಲೆಕ್ಕಕ್ಕೆ ಹಿಡಿದಿರುವುದು ಈ ಕಾರಣದಿಂದಲೇ.

ಹೀಗೆ ಬಹುಕರ್ತೃಕವಾದ ಕರ್ಮವನ್ನು ವರ್ಣಿಸುವ ಪ್ರಬಂಧದಲ್ಲಿ ಏನೇನಿರಬೇಕು? ಮೀಮಾಂಸಕರ ಮತದಲ್ಲಿ ಯಾವುದಾದರೂ ಕ್ರಿಯೆಯನ್ನು ವಿಧಿಸುವ ವಾಕ್ಯಕ್ಕೆ ಮೂರು ಆಕಾಂಕ್ಷೆಗಳುಂಟು: ಏನನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಇವು ಕ್ರಮವಾಗಿ ಸಾಧ್ಯ, ಸಾಧನ, ಇತಿಕರ್ತವ್ಯತೆ ಎನಿಸುತ್ತವೆ. ಸ್ವರ್ಗವು ಸಾಧ್ಯ, ಯಾಗವು ಸಾಧನ ಎಂದಷ್ಟೇ ತಿಳಿದವನು ಯಾಗವನ್ನು ಮಾಡಲಾರನು. ಅಂಗಕರ್ಮಗಳ ಕ್ರಮ ತಿಳಿದಾಗಲೇ ಆ ವಾಕ್ಯವು ಅನುಷ್ಠಾನಯೋಗ್ಯವಾಗುವುದು. ಪುನಶ್ಚೇತನದ ಪ್ರಬಂಧಗಳಲ್ಲಿ ಸಾಧ್ಯವನ್ನು ಅಂಕೆಗಳಲ್ಲಿ ವಿಸ್ತಾರವಾಗಿ ಹೇಳಿರುತ್ತಾರೆ. ಸಾಧನವನ್ನು ಹೆಸರಿನಿಂದ ಸೂಚಿಸಿರುತ್ತಾರೆ. ‘ರೂಢಿಯ ಫಿಸಿಯೋಥೆರಪಿಯನ್ನು ಕೊಡಲಾಯಿತು’ ಎಂಬಂಥ ವಾಕ್ಯದಲ್ಲಿ ಇತಿಕರ್ತವ್ಯತೆಯು ಲೋಪವಾಗುತ್ತದೆ. ಔಷಧದ ಪ್ರಬಂಧದಲ್ಲಿ ಈ ಲೋಪ ಅಪರೂಪ. ಇಷ್ಟು ಮಿಲಿಗ್ರಾಮೆಂದು ಬರೆದರೆ ಬಹುಮಟ್ಟಿಗೆ ಸಾಕಾಗುತ್ತದೆ. ಮನುಷ್ಯನು ಮನುಷ್ಯನನ್ನು ಕೈಹಿಡಿದು ನಡೆಸುವುದಕ್ಕೆ ಮಿಲಿಗ್ರಾಮಿನ ಅಳತೆಯಿಲ್ಲ.

ಈ ಲೋಪವು ಕೇವಲ ಶಾಸ್ತ್ರೀಯ ದೋಷವಲ್ಲವೆಂಬುದಕ್ಕೆ ‘ಅವರ್ಟ್’ ಎಂಬ ಪರೀಕ್ಷೆಯೇ ನಿದರ್ಶನ. ಪಾರ್ಶ್ವವಾಯುವಿನ ರೋಗಿಗಳನ್ನು ೨೪ ಗಂಟೆಗಳೊಳಗೆ ಹಾಸಿಗೆಯಿಂದೆಬ್ಬಿಸಿ ಪದೇಪದೇ ನಡೆದಾಡಿಸುವುದು ಲೇಸೇ ಎಂದು ಐದು ದೇಶಗಳ ೫೬ ಆಸ್ಪತ್ರೆಗಳಲ್ಲಿ ೨,೧೦೪ ರೋಗಿಗಳ ಮೇಲೆ ಪರೀಕ್ಷಿಸಿ, ೨೦೧೫ರಲ್ಲಿ ಫಲವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ತಿಂಗಳ ತರುವಾಯ ಒಳ್ಳೆಯ ಸ್ಥಿತಿಯಲ್ಲಿದ್ದವರು ಹೆಚ್ಚು ನಡೆದಾಡಿಸಿದ ಗುಂಪಿನಲ್ಲಿ ನೂರಕ್ಕೆ ೪೬, ರೂಢಿಯ ಆರೈಕೆಯ ಗುಂಪಿನಲ್ಲಿ ೫೦. ಹಿತವೆಂದು ಭಾವಿಸಿದ್ದು ಅಹಿತವಾಯಿತು. ಆದರೆ ೨೦೧೬ರಲ್ಲಿ ಅದೇ ಸಾಮಗ್ರಿಯನ್ನು ಅವರು ಪ್ರಮಾಣದ ದೃಷ್ಟಿಯಿಂದ ವಿಂಗಡಿಸಿ ನೋಡಲಾಗಿ, ಸ್ವಲ್ಪಸ್ವಲ್ಪ ಹೊತ್ತು ಹಲವು ಸಲ ಎಬ್ಬಿಸುವುದು ಒಳ್ಳೆಯ ಫಲದೊಡನೆಯೂ, ಒಟ್ಟು ಹೊತ್ತು ಹೆಚ್ಚುವುದು ಕೆಟ್ಟ ಫಲದೊಡನೆಯೂ ಕೂಡಿಬಂದವು. ಸಾಧನವೊಂದೇ; ‘ಹೇಗೆ’ ಎಂಬ ಅಂಶ ಬೇರೆಯಾದುದರಿಂದ ಫಲವೂ ಬೇರೆಯಾಗಿ ತೋರಿತು. ಎಷ್ಟು ಸಲ, ಎಷ್ಟು ನಿಮಿಷ ಎಂಬುದನ್ನು ಅವರು ಬರೆದಿಡದೆ ಹೋಗಿದ್ದರೆ ಈ ಭೇದವೇ ಗೋಚರಿಸುತ್ತಿರಲಿಲ್ಲ. ೨೦೧೪ರಲ್ಲಿ ಪ್ರಕಟವಾದ ‘ಟೈಡಿಯರ್’ ಎಂಬ ಹನ್ನೆರಡು ಅಂಶಗಳ ಪಟ್ಟಿಯು ಯಾರು, ಎಲ್ಲಿ, ಹೇಗೆ, ಎಷ್ಟು ಎಂಬಿವನ್ನೆಲ್ಲ ಬರೆಯಬೇಕೆಂದು ಹೇಳುತ್ತದೆ. ಮೀಮಾಂಸಕರ ಮೂರನೆಯ ಅಂಶಕ್ಕೆ ಇದನ್ನು ಹೊಸ ಭಾಷ್ಯವೆನ್ನಬಹುದು. ಸಂಪಾದಕರು ಈ ಪಟ್ಟಿಯನ್ನು ಅಲಂಕಾರಕ್ಕಾಗಿ ಇಟ್ಟುಕೊಳ್ಳಬಾರದು.

ಇನ್ನು ಕರ್ತೃವಿನ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ದ್ರವ್ಯ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ವೈದ್ಯನಿಗೆ ಪ್ರಾಧಾನ್ಯವನ್ನು ಕೊಟ್ಟಿದೆ. ಕುಂಬಾರನಿಲ್ಲದೆ ಮಣ್ಣು, ಕೋಲು, ಚಕ್ರ, ದಾರಗಳಿಂದ ಗಡಿಗೆಯಾಗದೆಂಬುದು ಅಲ್ಲಿಯ ದೃಷ್ಟಾಂತ. ಜ್ವರಾದಿಗಳ ವಿಷಯದಲ್ಲಿ ಇದು ಒಪ್ಪತಕ್ಕದ್ದೇ. ಪುನಶ್ಚೇತನದಲ್ಲಿಯಾದರೋ ಮಣ್ಣೇ ಎದ್ದು ಚಕ್ರವನ್ನು ತಿರುಗಿಸಬೇಕಾಗಿದೆ. ರೋಗಿಯು ತಾನೇ ಅಭ್ಯಾಸ ಮಾಡದೆ ಅವನ ಕೈಗೆ ಚಲನೆ ಬಾರದು. ಪರಿಚಾರಕನ ಪಾದವೂ ಇಲ್ಲಿ ಗೌಣವಲ್ಲ. ನಮ್ಮ ದೇಶದ ೧೪ ಆಸ್ಪತ್ರೆಗಳಲ್ಲಿ ೧,೨೫೦ ಪಾರ್ಶ್ವವಾಯು ರೋಗಿಗಳನ್ನು ಸೇರಿಸಿಕೊಂಡು, ಮನೆಯವರಿಗೇ ಶಿಕ್ಷಣವಿತ್ತು ಅಭ್ಯಾಸ ಮಾಡಿಸಿದ ‘ಅಟೆಂಡ್’ ಪರೀಕ್ಷೆಯ ವರದಿಯು ೨೦೧೭ರಲ್ಲಿ ಬಂದಿತು. ಆರು ತಿಂಗಳಲ್ಲಿ ಮೃತರೂ ಪರಾವಲಂಬಿಗಳೂ ಸೇರಿ ಎರಡು ಗುಂಪುಗಳಲ್ಲಿಯೂ ನೂರಕ್ಕೆ ೪೭. ಪ್ರತಿಕೂಲ ಫಲವನ್ನು ಮರೆಸದೆ ಪ್ರಕಟಿಸಿದ್ದು ಶ್ಲಾಘ್ಯ. ಇದರಿಂದ ತಿಳಿಯತಕ್ಕದ್ದೇನೆಂದರೆ, ತಜ್ಞರ ಭಾರವನ್ನು ಮನೆಯ ಹೆಂಗಸರ ಹೆಗಲಿಗೆ ಹೊರಿಸಿದ ಮಾತ್ರಕ್ಕೆ ಕಾರ್ಯಸಿದ್ಧಿಯಾಗದು.

ಕುಶಲಿಯ ಮಾತಿಗೆ ಜಯಪುರದ ಕಾಲಿನ ಉದಾಹರಣೆ ಸಾಕು. ಶಸ್ತ್ರವೈದ್ಯರಾದ ಪ್ರಮೋದ ಕರಣ ಸೇಠಿಯವರೂ ಕುಶಲಿಗಳಾದ ರಾಮಚಂದ್ರ ಶರ್ಮರೂ ಕೂಡಿ, ಬರಿಗಾಲಿನಲ್ಲಿ ನಡೆಯುವ, ಕುಕ್ಕರುಗಾಲಿನಲ್ಲಿ ಕೂಡುವ ನಮ್ಮ ಜನರಿಗೆ ಒಗ್ಗುವ ರಬ್ಬರಿನ ಪಾದವನ್ನು ನಿರ್ಮಿಸಿದರು. ಪರದೇಶದ ಮಾದರಿಗೆ ಬೂಟು ಬೇಕಾಗಿತ್ತು, ಇದಕ್ಕೆ ಬೇಡ. ೧೯೭೮ರಲ್ಲಿ ‘ಪ್ರಾಸ್ಥೆಟಿಕ್ಸ್ ಅಂಡ್ ಆರ್ಥಾಟಿಕ್ಸ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಈ ಪಾದವನ್ನು ವರ್ಣಿಸಿದ ಪ್ರಬಂಧಕ್ಕೆ ನಾಲ್ವರು ಲೇಖಕರು. ಕೊನೆಯ ಹೆಸರು ರಾಮಚಂದ್ರರದು. ಮೂರು ವರ್ಷಗಳ ಮೇಲೆ, ೧೯೮೧ರಲ್ಲಿ, ಮ್ಯಾಗ್ಸೆಸೆ ಪ್ರಶಸ್ತಿಯು ಬಂದುದು ಸೇಠಿಯವರೊಬ್ಬರಿಗೆ. ಲೋಕವು ಒಬ್ಬ ಕರ್ತೃವನ್ನು ಬಯಸುತ್ತದೆ. ಪ್ರಬಂಧವು ನಾಲ್ವರನ್ನು ಉಳಿಸಿಕೊಂಡಿತು. ಸಂಶೋಧನ ಪತ್ರಿಕೆಯ ಧರ್ಮವೆಂದರೆ ಇದೇ.

ಇಲ್ಲಿ ಪೂರ್ವಪಕ್ಷವೊಂದುಂಟು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ಲೇಖಕತ್ವಕ್ಕೆ ನಾಲ್ಕು ಲಕ್ಷಣಗಳನ್ನು ವಿಧಿಸಿದೆ: ಕಾರ್ಯದಲ್ಲಿ ಗಣನೀಯ ಭಾಗ, ಬರವಣಿಗೆಯಲ್ಲಿ ಅಥವಾ ತಿದ್ದುವಿಕೆಯಲ್ಲಿ ಭಾಗ, ಕಡೆಯ ಪ್ರತಿಗೆ ಸಮ್ಮತಿ, ಹೊಣೆಗಾರಿಕೆ. ಕೈಕೆಲಸ ಮಾಡಿದವರೆಲ್ಲರನ್ನೂ ಲೇಖಕರೆಂದರೆ ಹೊಣೆ ಯಾರದೆಂಬುದು ತಿಳಿಯದೆ ಅವ್ಯವಸ್ಥೆಯಾಗುವುದಿಲ್ಲವೇ? ಈ ಭಯ ನಿರಾಧಾರವಲ್ಲ. ಆದರೆ ಮೊದಲ ಲಕ್ಷಣವುಳ್ಳವರಿಗೆ ಉಳಿದವುಗಳನ್ನು ಪೂರೈಸುವ ಅವಕಾಶವನ್ನು ಕೊಡತಕ್ಕದ್ದೆಂದು ಆ ಸಮಿತಿಯೇ ಹೇಳಿದೆ. ಕರಡನ್ನು ಓದಿ ಹೇಳಿ, ‘ಹೀಗಲ್ಲ, ಹೀಗೆ’ ಎಂಬ ಅವನ ಮಾತನ್ನು ಬರೆದುಕೊಂಡರೆ ಆ ಕುಶಲಿಯು ತಿದ್ದಿದಂತೆಯೇ ಆಯಿತು. ಅವಕಾಶ ಕೊಡದೆ ಅರ್ಹತೆಯಿಲ್ಲವೆನ್ನುವುದು ನ್ಯಾಯವಲ್ಲ.

ನಾಲ್ಕನೆಯ ಪಾದವಾದ ರೋಗಿಯ ಸ್ಥಿತಿ ಇನ್ನೂ ಶೋಚನೀಯವಾಗಿದೆ. ಪ್ರಬಂಧಕ್ಕೆ ಯಾರು ಏನು ಮಾಡಿದರೆಂದು ತಿಳಿಸಲು ಈಗ ಅನೇಕ ಪತ್ರಿಕೆಗಳು ಅನುಸರಿಸುವ ‘ಕ್ರೆಡಿಟ್’ ಎಂಬ ವರ್ಗೀಕರಣದಲ್ಲಿ ಹದಿನಾಲ್ಕು ಪಾತ್ರಗಳಿವೆ. ಅವುಗಳಲ್ಲಿ ‘ಸಂಪನ್ಮೂಲ’ವೆಂಬ ಪಾತ್ರಕ್ಕೆ ಕೊಟ್ಟ ಲಕ್ಷಣವನ್ನು ನೋಡಿದರೆ, ರಾಸಾಯನಿಕ ದ್ರವ್ಯ, ಪ್ರಾಣಿ, ಯಂತ್ರ ಇವುಗಳ ಸಾಲಿನಲ್ಲಿಯೇ ‘ರೋಗಿಗಳು’ ಎಂದೂ ಬರೆದಿದೆ! ರೋಗಿಯು ಒದಗಿಸಲ್ಪಡುವ ವಸ್ತು, ಒದಗಿಸಿದವನು ಗಣ್ಯನು. ಚರಕನು ವೈದ್ಯನನ್ನು ಪ್ರಧಾನನೆಂದವನಾದರೂ, ರೋಗಿಯನ್ನು ಪಾದವೆಂದು ಎಣಿಸಿ ಅವನಿಗೂ ನಾಲ್ಕು ಗುಣಗಳನ್ನು ಹೇಳಿದ್ದಾನೆ: ಸ್ಮೃತಿ, ಹೇಳಿದಂತೆ ನಡೆಯುವುದು, ಅಂಜದಿರುವುದು, ಜ್ಞಾಪಕತ್ವ. ಜ್ಞಾಪಕತ್ವವೆಂದರೆ ತನ್ನ ರೋಗವನ್ನು ತಾನು ತಿಳಿಯಪಡಿಸುವ ಶಕ್ತಿ. ತಿಳಿಯಪಡಿಸುವವನು ವಸ್ತುವಲ್ಲ, ಸಾಕ್ಷಿ. ಸಾಕ್ಷಿಯ ಮಾತಿಲ್ಲದೆ ನಡೆಯುವ ನಿರ್ಣಯವನ್ನು ಯಾವ ನ್ಯಾಯಸಭೆಯೂ ಒಪ್ಪದು. ಸಂಶೋಧನೆಯಲ್ಲಿ ರೋಗಿಗಳ ಪಾಲೇನೆಂದು ಬರೆಯುವ ಕ್ರಮವನ್ನು ೨೦೧೭ರ ‘ಗ್ರಿಪ್’ ಪಟ್ಟಿಯ ಎರಡನೆಯ ಆವೃತ್ತಿಯು ತೋರಿಸಿಕೊಟ್ಟಿದೆ. ಮಾರ್ಗವಿಲ್ಲವೆಂದು ಯಾರೂ ಹೇಳುವಂತಿಲ್ಲ.

ಆದುದರಿಂದ ಈ ಶಾಖೆಯ ಪ್ರಬಂಧವನ್ನು ಪರೀಕ್ಷಿಸುವವರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದೆಂದು ನನ್ನ ಅಭಿಪ್ರಾಯ. ಓದಿದವನು ಈ ಚಿಕಿತ್ಸೆಯನ್ನು ತಾನೂ ಮಾಡಬಲ್ಲನೇ? ಮಾಡಿದವರೆಲ್ಲರ ಹೆಸರೂ, ಅವರವರ ಪಾಲೂ ಇದೆಯೇ? ರೋಗಿಯು ಸಾಕ್ಷಿಯಾಗಿ ಮಾತನಾಡಿರುವನೇ? ಕನ್ನಡ ನಾಡಿನ ಆಸ್ಪತ್ರೆಗಳಲ್ಲಿ ಇಂಥ ಪರೀಕ್ಷೆಗಳನ್ನು ನಡೆಸುವವರು ಇವುಗಳ ಜೊತೆಗೆ ಒಂದನ್ನು ಸೇರಿಸಿಕೊಳ್ಳಬೇಕು: ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು, ಅದಕ್ಕೆ ತನ್ನ ದೇಹವನ್ನೊಪ್ಪಿಸಿದ ರೋಗಿಗೂ ಅವನನ್ನು ನಡೆಸಿದ ಮನೆಯವರಿಗೂ ಓದಿ ಹೇಳಬೇಕು. ತಪ್ಪಿದ್ದರೆ ಅವರೇ ಮೊದಲು ಕಾಣುವರು.