ಎತ್ತು ಏರಿಗೆ, ಕೋಣ ನೀರಿಗೆ

ಗೋವಿನಜೋಳದ ರಾಶಿ ಶುರುವಾಯಿತೆಂದರೆ ಹಾವೇರಿ, ಅಗಡಿ, ಬ್ಯಾಡಗಿ ಕಡೆಯ ಟ್ರ್ಯಾಕ್ಟರುಗಳು ನಿಂತಲ್ಲೇ ನಿಂತು ತಾಸುಗಟ್ಟಲೆ ರಾಶಿ ಮಷಿನ್ ತಿರುಗಿಸುತ್ತವೆ. ಎಂಜಿನ್ ಎಷ್ಟು ದಣಿದಿದೆ ಎಂಬುದನ್ನು ರೇಡಿಯೇಟರ್ ಮೀಟರ್ ತಡವಾಗಿ ಹೇಳುತ್ತದೆ. ಮ್ಯಾನಿಫೋಲ್ಡಿನಿಂದ ಹೊರಬೀಳುವ ಹೊಗೆಯ ಬಿಸಿ ಕ್ಷಣದಲ್ಲಿ ಹೇಳುತ್ತದೆ. ಅದನ್ನು ಅಳೆಯಲು ಮೀಟರ್ ಕೂರಿಸಿಕೊಳ್ಳುವುದು ಒಳ್ಳೆಯದೇ. ನನ್ನ ತಕರಾರು ಮೀಟರನ್ನು ಒಂದು ಅಂಗಡಿಯಲ್ಲಿ, ಸೆನ್ಸರನ್ನು ಇನ್ನೊಂದು ಅಂಗಡಿಯಲ್ಲಿ, ಬರೀ ರೇಟು ಮತ್ತು ನಟ್ಟಿನ ಅಳತೆ ನೋಡಿ ತರುವ ರೂಢಿಯ ಮೇಲೆ. ಇವು ಎರಡು ಸಾಮಾನಲ್ಲ, ಎರಡು ತುಂಡಾಗಿ ಮಾರುವ ಒಂದೇ ಸಾಮಾನು. ಜೋಡಿ ತಪ್ಪಿದ ಮೀಟರ್ ಕೆಟ್ಟು ನಿಲ್ಲುವುದಿಲ್ಲ, ನಂಬುವಂಥ ಸುಳ್ಳು ಹೇಳುತ್ತದೆ. ಮೀಟರೇ ಇಲ್ಲದಿರುವುದಕ್ಕಿಂತ ಇದು ಕಡೆ.

1821ರಲ್ಲಿ ವಿಜ್ಞಾನಿ ಸೀಬೆಕ್ ಕಂಡುಕೊಂಡ ಗುಣವೇ ಈ ಸೆನ್ಸರಿನ ಮೂಲ: ಎರಡು ಬೇರೆ ಲೋಹಗಳ ತಂತಿ ಬೆಸೆದು ಬೆಸುಗೆಯನ್ನು ಕಾಯಿಸಿದರೆ ಇನ್ನೊಂದು ತುದಿಯಲ್ಲಿ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಯಾವ ಲೋಹ ಎಂಬುದರ ಮೇಲೆ ಅದರ ಲೆಕ್ಕ. ಕ್ರೋಮೆಲ್–ಅಲ್ಯುಮೆಲ್ ಜೋಡಿಯ ಕೆ ಟೈಪ್ 600 ಡಿಗ್ರಿಯಲ್ಲಿ ಸುಮಾರು 24.9 ಮಿಲಿವೋಲ್ಟ್ ಕೊಡುತ್ತದೆ, ಕಬ್ಬಿಣ–ಕಾನ್‌ಸ್ಟಂಟನ್ ಜೋಡಿಯ ಜೆ ಟೈಪ್ 33.1. ಮೀಟರ್ ಎಣಿಸುವುದು ಮಿಲಿವೋಲ್ಟನ್ನು, ಮುಖದ ಮೇಲೆ ಬರೆದಿರುವುದು ಡಿಗ್ರಿ. ಹೀಗಾಗಿ ಜೆ ಮೀಟರಿಗೆ ಕೆ ಸೆನ್ಸರ್ ಕಟ್ಟಿದರೆ 600 ಡಿಗ್ರಿಯ ಹೊಗೆ 460ರ ಆಸುಪಾಸಿನಲ್ಲಿ ಕಾಣುತ್ತದೆ. ಡ್ರೈವರ್ ನಿಶ್ಚಿಂತೆಯಿಂದ ಇನ್ನಷ್ಟು ಆಕ್ಸಿಲರೇಟರ್ ಒತ್ತುತ್ತಾನೆ. ಉಲ್ಟಾ ಕಟ್ಟಿದರೆ 800ರ ಹತ್ತಿರ ಕಂಡು ಗಾಬರಿಯಾಗುತ್ತದೆ. ಗಾಬರಿಯಿಂದ ಎಂಜಿನ್ ಸಾಯುವುದಿಲ್ಲ, ನಿಶ್ಚಿಂತೆಯಿಂದ ಸಾಯುತ್ತದೆ.

ತಪ್ಪು ಯಾವಾಗಲೂ ಒಂದೇ ಥರದ್ದಾದರೆ ಅದಕ್ಕೇ ಒಗ್ಗಿಕೊಂಡರಾಯಿತು, ಮಾಮೂಲಿಗಿಂತ ಮುಳ್ಳು ಮೇಲೆ ಹೋದರೆ ಹುಷಾರಾಗುತ್ತೇವೆ ಎನ್ನುವವರುಂಟು. ಮಾತಿನಲ್ಲಿ ಅರ್ಧ ಹುರುಳಿದೆ. ಆದರೆ ಸೆನ್ಸರ್ ತಂತಿ ಸಾಲದೆಂದು ಬಾನೆಟ್ ಒಳಗೆ ಮಾಮೂಲಿ ತಾಮ್ರದ ವೈರ್ ಜೋಡಿಸಿ ಟೇಪ್ ಸುತ್ತಿದ ಮೇಲೆ ತಪ್ಪು ಒಂದೇ ಥರ ಉಳಿಯುವುದಿಲ್ಲ. ಆ ಜೋಡಣೆ 80 ಡಿಗ್ರಿಗೆ ಕಾದು, ಮೀಟರ್ 35ರಲ್ಲಿದ್ದರೆ ನಡುವಿನ 45 ಡಿಗ್ರಿ ಲೆಕ್ಕದಿಂದ ಮಾಯ. ಎಂಜಿನ್ ಕಾದಷ್ಟೂ ಮೀಟರ್ ಹೆಚ್ಚೆಚ್ಚು ಕಡಿಮೆ ತೋರಿಸುತ್ತದೆ, ಅಂದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಸೆನ್ಸರನ್ನು ಕುದಿಯುವ ನೀರಿನ ಬಕೆಟ್ಟಿನಲ್ಲಿ ಅದ್ದಿ ನೋಡುವ ಪರೀಕ್ಷೆಯೂ ಈ ತಪ್ಪನ್ನು ಹಿಡಿಯಲಾರದು. ಹಾವೇರಿಯ ಎತ್ತರದಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ. ಡಿಜಿಟಲ್ ಮೀಟರ್ 83 ತೋರಿಸಿದರೆ ಕೆ ಸೆನ್ಸರಿಗೆ ಜೆ ಮೀಟರ್ ಬಿದ್ದಿದೆ ಎಂದು ತಿಳಿಯಬಹುದು. ಆದರೆ ಬಕೆಟ್ ಪಕ್ಕದಲ್ಲಿ ತಾಮ್ರದ ಜೋಡಣೆ ತಣ್ಣಗಿರುತ್ತದೆ, ಪರೀಕ್ಷೆ ಪಾಸಾಗುತ್ತದೆ. ಕೆ ಟೈಪಿಗೆ ಕೆ ಟೈಪಿನದೇ ಎಕ್ಸ್‌ಟೆನ್ಷನ್ ವೈರ್ ಬೇಕು. ಅದರಲ್ಲೂ ಒಂದು ಕೀಟಲೆಯಿದೆ: ಅಮೆರಿಕದ ಪದ್ಧತಿಯ ಕೆ ವೈರಿನಲ್ಲಿ ಹಳದಿ ಪಾಸಿಟಿವ್, ಕೆಂಪು ನೆಗೆಟಿವ್. ಬ್ಯಾಟರಿ ಕಟ್ಟಿ ಪಳಗಿದ ಕೈ ಕೆಂಪನ್ನು ಪಾಸಿಟಿವ್‌ಗೆ ಸಿಕ್ಕಿಸಿಬಿಡುತ್ತದೆ. ಅನುಮಾನ ಬಂದರೆ ಬರಿದಾದ ತುದಿಗೆ ಅಯಸ್ಕಾಂತ ಹಿಡಿಯಿರಿ. ಕೆ ಟೈಪಿನಲ್ಲಿ ಅದಕ್ಕೆ ಅಂಟುವುದು ನೆಗೆಟಿವ್ ತಂತಿ.

ನುರಿತ ಮಿಸ್ತ್ರಿಗೆ ಸದ್ದು, ಹೊಗೆಯ ಬಣ್ಣ ಸಾಕಲ್ಲವೇ ಎಂಬ ಪ್ರಶ್ನೆಯೂ ಉಂಟು. ಟರ್ಬೊ ಇಲ್ಲದ, ಕಂಪನಿ ಸೆಟ್ಟಿಂಗಿನಲ್ಲೇ ಇರುವ ಟ್ರ್ಯಾಕ್ಟರಿಗೆ ಸಾಕು, ಅಂಥವರು ದುಡ್ಡು ಉಳಿಸಿಕೊಳ್ಳಲಿ. ಡೀಸೆಲ್ ಪಂಪ್ ಸೆಟ್ಟಿಂಗ್ ಏರಿಸಿದವರಿಗೆ ಸಾಲದು: ಕಪ್ಪು ಹೊಗೆ ಡೀಸೆಲ್ ಹೆಚ್ಚಾದದ್ದನ್ನು ಹೇಳುತ್ತದೆಯೇ ಹೊರತು ಅಲ್ಯೂಮಿನಿಯಂ ಪಿಸ್ಟನ್ನಿನ ತಲೆ ಎಷ್ಟು ಕಾದಿದೆ ಎಂಬುದನ್ನಲ್ಲ, ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಅವರೂ ದುಬಾರಿ ಬ್ರಾಂಡಿನ ಹಿಂದೆ ಬೀಳಬೇಕಿಲ್ಲ. ಟೈಪ್ ಒಂದೇ ಇರಲಿ, ವೈರ್ ಅದರದೇ ಇರಲಿ, ತುದಿ ಹೊಗೆಯ ನಟ್ಟನಡುವೆ ಇರಲಿ, ಟರ್ಬೊಕ್ಕಿಂತ ಮುಂಚೆ ಇರಲಿ. ಲೋಡ್ ಬಿದ್ದಾಗ ಟರ್ಬೊ ದಾಟಿದ ಹೊಗೆ ನೂರು ಡಿಗ್ರಿಗೂ ಹೆಚ್ಚು ತಣಿದಿರಬಹುದು. ಹಳೆಯ ಮುಳ್ಳಿನ ಮೀಟರ್ ಕೊಂಡವರು ಮಾತ್ರ ಜೊತೆಗೆ ಬಂದ ವೈರನ್ನು ಉದ್ದವಾಯಿತೆಂದು ಕತ್ತರಿಸಬಾರದು. ಬ್ಯಾಟರಿ ಇಲ್ಲದೆ ಸೆನ್ಸರಿನ ಕರೆಂಟಿನಿಂದಲೇ ಓಡುವ ಅದು ವೈರಿನ ರೆಸಿಸ್ಟೆನ್ಸನ್ನೂ ಎಣಿಸಿಯೇ ತಯಾರಾಗಿರುತ್ತದೆ. ಮಿಕ್ಕ ವೈರನ್ನು ಸುರುಳಿ ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟಿದರಾಯಿತು.