ಕಲ್ಲಿನ ಜೊತೆ ಬಿದ್ದ ಕಾಗದ

ಹುಡುಗಿಯರಿಗೆ ಅಕ್ಷರ ಕಲಿಸಿದರೆ ಕದ್ದು ಕಾಗದ ಬರೆಯುತ್ತಾರೆ ಎಂದು ನಮ್ಮಜ್ಜಿಯ ಕಾಲದ ಹಿರಿಯರು ಹೆದರುತ್ತಿದ್ದರಂತೆ. ಇದೇ ಹೆದರಿಕೆಯನ್ನಿಟ್ಟುಕೊಂಡು ಫ್ರಾನ್ಸಿನ ಮೋಲಿಯೇರ್ ಒಂದು ನಗೆನಾಟಕವನ್ನೇ ಬರೆದ. ‘ಹೆಂಡತಿಯರ ಪಾಠಶಾಲೆ’ ಎಂಬ ಅರ್ಥದ ಹೆಸರಿನ ಆ ನಾಟಕ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದದ್ದು 1662ರ ಡಿಸೆಂಬರಿನಲ್ಲಿ.

ಆರ್ನಾಲ್ಫ್‌ಗೆ 42 ವರ್ಷ. ಹೆಂಡತಿಯರಿಂದ ಮೋಸಹೋದ ಗಂಡಂದಿರನ್ನು ಕಂಡು ನಗುವುದು ಅವನ ಚಾಳಿ. ತನಗೆ ಆ ಗತಿ ಬಾರದಿರಲೆಂದು ನಾಲ್ಕು ವರ್ಷದ ಬಡ ಹುಡುಗಿ ಆಗ್ನೆಸಳನ್ನು ಪಡೆದು, ಕಾನ್ವೆಂಟಿನಲ್ಲಿಟ್ಟು, ಏನೂ ತಿಳಿಯದವಳನ್ನಾಗಿ ಬೆಳೆಸುತ್ತಾನೆ. ಪ್ರಾರ್ಥನೆ, ಗಂಡನ ಮೇಲೆ ಪ್ರೀತಿ, ಹೊಲಿಗೆ, ನೂಲುವುದು ಇಷ್ಟಿದ್ದರೆ ಹೆಣ್ಣಿಗೆ ಸಾಕೆಂಬುದು ಅವನ ಲೆಕ್ಕ.

ಆದರೆ ಹೊರೇಸ್ ಎಂಬ ತರುಣ ಅವಳನ್ನು ಮೆಚ್ಚುತ್ತಾನೆ. ಅವನು ಮತ್ತೆ ಬಂದರೆ ಕಲ್ಲೆಸೆಯಬೇಕೆಂದು ಆರ್ನಾಲ್ಫ್‌ನ ಅಪ್ಪಣೆ. ಆಗ್ನೆಸ್ ಹಾಗೆಯೇ ಮಾಡುತ್ತಾಳೆ. ಸಂತೋಷಗೊಂಡ ಆರ್ನಾಲ್ಫ್ ಅವಳಿಂದ ವಿವಾಹನೀತಿಯ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿಸುತ್ತಾನೆ. ಹೆಂಡತಿಯ ಬಳಿ ಮಸಿ, ಕಾಗದ, ಲೇಖನಿ ಇರಕೂಡದೆಂಬುದೂ ಅದರಲ್ಲೊಂದು ನಿಯಮ. ಅಷ್ಟರಲ್ಲಾಗಲೇ ಕಲ್ಲಿನ ಜೊತೆ ಅವಳ ಕಾಗದವೂ ಹೊರೇಸನ ಕಾಲ ಬಳಿ ಬಿದ್ದಾಗಿದೆ!

ಮೊದಲ ಸಲ ಓದಿದಾಗ ನಾನಿಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಈಚೆಗೆ ಮತ್ತೆ ಓದುವಾಗ ನಗು ಬರಲಿಲ್ಲ. ಆ ಕಾಗದದ ಹತ್ತಿರವೇ ನಿಂತುಬಿಟ್ಟೆ. ಪದ್ಯದಲ್ಲಿರುವ ಇಡೀ ನಾಟಕದಲ್ಲಿ ಅದೊಂದೇ ಗದ್ಯ. ತನ್ನನ್ನು ಅಜ್ಞಾನದಲ್ಲಿಟ್ಟಿದ್ದಾರೆಂದು ಈಗ ತಿಳಿಯುತ್ತಿದೆ, ಏನಾದರೂ ತಪ್ಪು ಬರೆದೇನೋ ಎಂಬ ಭಯವಿದೆ, ನೀನೂ ನನಗೆ ಮೋಸ ಮಾಡುತ್ತಿದ್ದೀಯಾ ಹೇಳು ಎಂದು ಅವಳು ಬರೆಯುತ್ತಾಳೆ. ಪ್ರಾಸವಿಲ್ಲ, ಅಲಂಕಾರವಿಲ್ಲ. ಯಾರೂ ಹೇಳಿಕೊಡದ ಮಾತು ಹೀಗಲ್ಲದೆ ಇನ್ನು ಹೇಗಿದ್ದೀತು?

ತನಗಿಂತ ಸುಮಾರು 20 ವರ್ಷ ಚಿಕ್ಕವಳನ್ನು ಮೋಲಿಯೇರ್ ಮದುವೆಯಾದದ್ದೂ ಅದೇ 1662ರಲ್ಲಿ. ಆರ್ನಾಲ್ಫ್‌ನ ಪಾತ್ರವನ್ನು ಹಾಕಿದವನೂ ಅವನೇ. ತನ್ನಂಥ ಗಂಡಸಿನ ಭಯವನ್ನು ತಾನೇ ಜನರ ಮುಂದೆ ನಗೆಪಾಟಲು ಮಾಡಿಕೊಳ್ಳುವುದು ಸಣ್ಣ ಧೈರ್ಯವಲ್ಲ.

ಆದರೂ ನನಗೊಂದು ತಕರಾರಿದೆ. ಕೊನೆಯಲ್ಲಿ ಆಗ್ನೆಸಳ ತಂದೆ ಅಮೆರಿಕದಿಂದ ಬಂದಿಳಿಯುತ್ತಾನೆ. ಇಬ್ಬರು ಅಪ್ಪಂದಿರು ಮೊದಲೇ ಗೊತ್ತುಮಾಡಿದ್ದ ವರ ಹೊರೇಸನೇ ಎಂದು ತಿಳಿದು ಎಲ್ಲವೂ ಸುಖಾಂತವಾಗುತ್ತದೆ. ಅವಳು ಒಲಿದವನೇ ಸಿಕ್ಕನಲ್ಲ, ಇನ್ನೇನು ಬೇಕು ಎನ್ನುತ್ತೀರಾ? ಅಪ್ಪಂದಿರು ಬೇರೊಬ್ಬನನ್ನು ಗೊತ್ತುಮಾಡಿದ್ದರೆ ಆ ಕಾಗದಕ್ಕೆ ಏನು ಬೆಲೆ ಇರುತ್ತಿತ್ತು? ಇದನ್ನು ಮೋಲಿಯೇರ್ ಕೇಳಲಿಲ್ಲ. ಓದುವ ನಾವಾದರೂ ಕೇಳಬೇಡವೇ?