‘ಭಯೋತ್ಪಾದಕರು’ ಕಾದಂಬರಿಯ ನಿರ್ವಹಣಸಂಧಿ

ಸ್ವೀಡನ್ ದೇಶದ ಮಾಯ್ ಶೊವಾಲ್ ಮತ್ತು ಪೇರ್ ವಾಲೊ ಎಂಬವರು ಜೊತೆಗೂಡಿ 1965ರಿಂದ 1975ರ ವರೆಗೆ ಪ್ರಕಟಿಸಿದ ಹತ್ತು ಪತ್ತೇದಾರಿ ಕಾದಂಬರಿಗಳಲ್ಲಿ ಕಡೆಯದು ‘ಭಯೋತ್ಪಾದಕರು’. ಹತ್ತಕ್ಕೂ ‘ಒಂದು ಅಪರಾಧದ ಕಥೆ’ ಎಂಬುದೊಂದೇ ಉಪನಾಮ. ಒಂದೊಂದರಲ್ಲಿಯೂ 30 ಅಧ್ಯಾಯಗಳು. 300 ಅಧ್ಯಾಯಗಳ ಏಕಪ್ರಬಂಧವೆಂದೇ ಕರ್ತೃಗಳು ಇದನ್ನು ಸಂಕಲ್ಪಿಸಿದ್ದರಾಗಿ, ಕೊನೆಯ ಗ್ರಂಥವನ್ನು ಬೇರೆಯಾಗಿ ತೂಗದೆ ಸಮಗ್ರಪ್ರಬಂಧದ ನಿರ್ವಹಣಸಂಧಿಯೆಂದು ಪರಿಶೀಲಿಸುವುದೇ ನ್ಯಾಯ. ವಾಲೊ ಅವರು 1975ರ ಜೂನ್ ತಿಂಗಳಲ್ಲಿ ತೀರಿಕೊಂಡುದರಿಂದ ಇದು ಅರ್ಧದಲ್ಲಿ ನಿಂತ ಕೃತಿಯೆಂದು ಯಾರೂ ಭ್ರಮಿಸಬಾರದು. ಹತ್ತೆಂಬ ಸಂಖ್ಯೆ ಮೊದಲೇ ನಿಶ್ಚಿತವಾಗಿದ್ದಿತು.

ಅಮೆರಿಕದ ಸೆನೆಟರನೊಬ್ಬನು ಸ್ಟಾಕ್‌ಹೋಮಿಗೆ ಬರುವನು. ಅವನನ್ನು ಕೊಲ್ಲಲು ಒಂದು ಗುಪ್ತಕೂಟವು ಹೊಂಚುಹಾಕಿರುವುದು. ರಕ್ಷಣೆಯ ಭಾರ ಮಾರ್ಟಿನ್ ಬೆಕ್ ಎಂಬ ಅಧಿಕಾರಿಯದು. ಇದು ಆಧಿಕಾರಿಕ ವಸ್ತುವೆಂದು ವಾಚಕನು ನಂಬುತ್ತಾನೆ. ಇದಕ್ಕೆ ಮುನ್ನವೇ ರೆಬೆಕಾ ಲಿಂಡ್ ಎಂಬ ಹದಿನೆಂಟರ ಹುಡುಗಿಯ ವೃತ್ತಾಂತವೊಂದು ಬಂದುಹೋಗುತ್ತದೆ. ಲೋಕವ್ಯವಹಾರವರಿಯದ ಈಕೆ ಸಾಲ ಕೇಳಲು ಬ್ಯಾಂಕಿಗೆ ಹೋಗಿ ದರೋಡೆಗಾರ್ತಿಯೆಂಬ ಆರೋಪಕ್ಕೆ ಗುರಿಯಾಗುವಳು. ನ್ಯಾಯಾಲಯವು ಬಿಡುಗಡೆ ಮಾಡುತ್ತದೆ; ವಾಚಕನೂ ಅವಳನ್ನು ಅಲ್ಲಿಗೇ ಮರೆಯುತ್ತಾನೆ. ಸೆನೆಟರನಿಗಾಗಿ ಒಡ್ಡಿದ ಬಾಂಬು ಪೊಲೀಸರ ಯುಕ್ತಿಯಿಂದ ವ್ಯರ್ಥವಾದ ಮೇಲೆ, ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, ಇದೇ ಹುಡುಗಿ ರಿದ್ದರ್‌ಹೋಲ್ಮ್ ಚರ್ಚಿನಲ್ಲಿ ಸ್ವೀಡನ್ನಿನ ಪ್ರಧಾನಮಂತ್ರಿಯನ್ನೇ ಗುಂಡಿಟ್ಟು ಕೊಲ್ಲುತ್ತಾಳೆ.

ಪ್ರಕರಿಗೆ ಸ್ವಂತ ಫಲವಿಲ್ಲವೆಂಬುದು ಲಾಕ್ಷಣಿಕರ ಮತ. ಇಲ್ಲಿಯಾದರೋ ಪ್ರಕರಿಯಂತೆ ತೋರಿದುದೇ ಫಲವನ್ನು ಹೊತ್ತು ನಿಲ್ಲುತ್ತದೆ. ಆಧಿಕಾರಿಕವೆನಿಸಿದುದು ಮರೆಯ ಪರದೆಯಾಗುತ್ತದೆ. ಇದು ಕೇವಲ ಚಮತ್ಕಾರವಲ್ಲ. ಪೊಲೀಸರ ವ್ಯೂಹದಲ್ಲಿ ಹೊರಗಿನಿಂದ ಬರುವ ಶತ್ರುವಿಗೆಲ್ಲ ಸ್ಥಾನವಿತ್ತು. ರಾಜ್ಯವೇ ತನ್ನ ಉದಾಸೀನದಿಂದ ಬೆಳೆಸಿಕೊಂಡವಳಿಗೆ ಮಾತ್ರ ಇರಲಿಲ್ಲ. ಅವಳಿಗೆ ಕೇಡೆಣಿಸಿದವನೊಬ್ಬನೂ ಕಥೆಯಲ್ಲಿ ಎದ್ದುಕಾಣುವುದಿಲ್ಲ. ಅಪರಾಧ ಯಾರದೆಂಬ ಪ್ರಶ್ನೆ ಹತ್ತು ಗ್ರಂಥಗಳ ಉಪನಾಮಕ್ಕೆ ಇಲ್ಲಿ ತಿರುಗಿ ಬಂದು ಮುಟ್ಟುತ್ತದೆ. 1986ರಲ್ಲಿ ಪ್ರಧಾನಿ ಓಲೊಫ್ ಪಾಲ್ಮೆ ಅವರು ಸ್ಟಾಕ್‌ಹೋಮಿನ ಬೀದಿಯಲ್ಲಿ ಹತರಾದುದನ್ನು ನೆನೆದು ಈ ಕೃತಿಯನ್ನು ಭವಿಷ್ಯವಾಣಿಯೆಂದು ಹೊಗಳುವುದುಂಟು. ಜ್ಯೋತಿಷ್ಯವು ಕಾವ್ಯಗುಣಗಳಲ್ಲಿ ಎಣಿಕೆಯಾದುದಲ್ಲ.

ದೋಷವೂ ಇಲ್ಲದಿಲ್ಲ. ಪೆಟ್ರುಸ್ ಎಂಬ ಚಲಚ್ಚಿತ್ರ ನಿರ್ಮಾಪಕನ ಕೊಲೆಯ ಮೂರನೆಯ ಎಳೆ ಸಡಿಲವಾಗಿದೆ. ಗುಪ್ತಕೂಟದ ನಾಯಕ ಹೈಟ್ ಎಂಬವನು ಕ್ರೌರ್ಯಕ್ಕೆ ತೊಡಿಸಿದ ವೇಷವೇ ಹೊರತು ಪಾತ್ರವಲ್ಲ. ಪೊಲೀಸ್ ಆಡಳಿತವನ್ನು ನಿರೂಪಕನೇ ಬಾಯಿಬಿಟ್ಟು ಹಳಿಯುವ ಕಡೆಗಳಲ್ಲಿ ರಸವನ್ನು ಹೆಸರಿಟ್ಟು ಹೇಳುವ ಸ್ವಶಬ್ದವಾಚ್ಯತ್ವದೋಷಕ್ಕೆ ಸಮಾನವಾದುದೊಂದು ತಲೆದೋರುತ್ತದೆ. ರೆಬೆಕಾಳ ಮೌನದಿಂದ ವ್ಯಂಜಿತವಾದುದನ್ನು ವಾಚ್ಯವಾಗಿಸಿದರೆ ಅದು ಕುಂದುವುದೇ ಹೊರತು ಬೆಳೆಯದು. ಗ್ರಂಥಾಂತ್ಯದಲ್ಲಿ, ಒಂಬತ್ತನೆಯ ಕಾದಂಬರಿಯಲ್ಲಿಯೇ ಪೊಲೀಸ್ ಉದ್ಯೋಗವನ್ನು ತೊರೆದ ಕೋಲ್‌ಬರಿಯು ಮಿತ್ರರೊಡನೆ ಅಕ್ಷರದ ಆಟವಾಡುತ್ತ ‘ಮಾರ್ಕ್ಸ್’ ಎಂಬ ಹೆಸರನ್ನು ಉಚ್ಚರಿಸುವುದೂ ಇದೇ ಜಾತಿಯದು. ಆದರೆ ವಿನೋದದ ನಡುವೆ ಬಂದುದರಿಂದ ಅಲ್ಲಿ ಹಾಸ್ಯವು ದೋಷವನ್ನು ತಕ್ಕಮಟ್ಟಿಗೆ ಮುಚ್ಚಿದೆ.